ಸುಕ್ಕು ಬೀಳದ ದೇಶಭಕ್ತಿ

ಆಗಸ್ಟ್ ಬಂತಂದ್ರ ನಮ್ಮ ಹುಬ್ಬಳ್ಳಿ ಚನ್ನಮ್ಮ ಸರ್ಕಲ್ಲಿನ ಸಿಗ್ನಲ್ಲಿನ್ಯಾಗ ದೇಶಭಕ್ತಿ ತಾನಾಗೇ ಗಾಡಿ ಹತ್ರ ಬರ್ತದ. ಪಾಲಿಸ್ಟರ್ ಧ್ವಜ. ಥಳಥಳ ಹೊಳೀತದ, ಇಸ್ತ್ರಿ ಬ್ಯಾಡ, ರೊಕ್ಕಾ ಕಡಿಮಿ. ಕೇಸರಿ ಪಟ್ಟಿ ಒಂದು ಬೆರಳು, ಹಸಿರು ಎರಡು ಬೆರಳು. ಚಕ್ರದಾಗ 24 ಗೆರಿ ಅವನೋ ಇಲ್ಲೋ ಎಣಿಸ್ಕೋತ ಕುಂದ್ರಿ, ಫ್ಲೈಓವರ್ ಮುಗಿಯೂದ್ರಾಗ ಲೆಕ್ಕಾ ಹತ್ತತದ.

ಮಾರೋ ಹುಡುಗನ ಮ್ಯಾಲೆ ನನಗ ಸಿಟ್ಟಿಲ್ಲ. ಅವಂಗ ಪರವಾನಗಿ ಕೊಟ್ಟದ್ದು ಸಾಕ್ಷಾತ್ ಭಾರತ ಸರ್ಕಾರ. 2021ರ ಡಿಸೆಂಬರ್ 30ಕ್ಕ ಧ್ವಜ ಸಂಹಿತೆ ತಿದ್ದಿ, ಬರೇ ಕೈನೂಲಿನ ಖಾದಿ ಅಲ್ಲ, ಮಷೀನಿಂದೂ ನಡೀತದ, ಪಾಲಿಸ್ಟರೂ ನಡೀತದ ಅಂತು. ಮುಂದಿನ ಆಗಸ್ಟಿಗೆ ಮನಿಮನಿಗೆ ಏರಿಸ್ರಿ ಅಂತು. ಜಿಎಸ್‌ಟಿನೂ ಮಾಫ್. ಅದೂ ಸ್ವಾತಂತ್ರ್ಯದ ಅಮೃತ ಮಹೋತ್ಸವದಾಗ! ಚರಕಾ ತಿರುವಿದ ಮುದುಕ ಇದ್ದಿದ್ರ ಸೂರತ್ತಿಗೆ ಹೋಗಿ ಪಾಲಿಸ್ಟರ್ ಮಿಲ್ಲಿನ ರಿಬ್ಬನ್ ಕತ್ತರಿಸ್ತಿದ್ದ, ಪಾಪ.

ಇತ್ತ ನಮ್ಮೂರ ಬೆಂಗೇರಿಯೊಳಗ ಖಾದಿ ಧ್ವಜ ಮಾಡವ್ರು ಇನ್ನೂ ಹಳೇ ಕಾಲದಾಗ ಕೂತಾರ. ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ, 1957ರದ್ದು. ಬಾಗಲಕೋಟಿ ಕಡೆ ತುಳಸಿಗೇರಿಯೊಳಗ ನೇಯ್ದ ಅರಿವಿ ತರೂದು, ಬಣ್ಣಾ ಹಾಕೂದು, ಚಕ್ರಾ ಒತ್ತೂದು, ಹೊಲಿಯೂದು. ಮೇಜಿನ ಮ್ಯಾಲಿನ 6 ಇಂಚು 4 ಇಂಚಿನ ಧ್ವಜದಿಂದ 21 ಅಡಿ 14 ಅಡಿ ತನಕ ಒಂಬತ್ತು ಅಳತಿ. ನೂಲಿನ ಎಳಿ ತಪ್ಪಿದ್ರ, ಬಣ್ಣ ಒಂಚೂರು ಆಚೀಚಿ ಆದ್ರ ಆ ಧ್ವಜ ಬಾದ್. ಈ ದೇಶದ ಮೊಟ್ಟಮೊದಲ ಮಾನಕ, ಐಎಸ್ 1, ಯಾವುದರದ್ದು ಅಂತ ಮಾಡೀರಿ? ಸಿಮೆಂಟಿಂದಲ್ಲ, ಉಕ್ಕಿಂದಲ್ಲ. ಧ್ವಜದ್ದು, 1951ರಾಗ. ಆ ಮಾನಕ ಪಾಲಿಸೂದು ಬೆಂಗೇರಿ ಹೆಣ್ಣಮಕ್ಕಳ ಕರ್ಮ.

ಈ ವಿಷಯದಾಗ ಫೇಡಾದವ್ರು ಶಾಣ್ಯಾರು. ಧಾರವಾಡ ಫೇಡಾಕ್ಕ ಜಿಐ ಮುದ್ರಿ, ಅಂದ್ರ ಈ ಹೆಸರು ಈ ಊರಿನ ಮಾಲಿಗಷ್ಟ ಅನ್ನೋ ಮುದ್ರಿ, ಹಚ್ಚಿಸಿಕೊಂಡಾರ. ಲೈನ್ ಬಜಾರದಾಗ ಠಾಕೂರರ ಅಂಗಡಿ ಮುಂದ ಪಾಳಿ ಇದ್ದದ್ದು ಇದ್ದಂಗ ಅದ. ಯಾವುದೋ ಊರಾಗ ಹಾಲಿನ ಪುಡಿ ಕಲಿಸಿ 'ಧಾರವಾಡ ಫೇಡಾ' ಅಂತ ಮಾರಿದ್ರ ಕಾಯ್ದೆ ಬೆನ್ನು ಹತ್ತಬಹುದು. ಅಂದ್ರ ಫೇಡಾ ಖೋಟಾ ಮಾಡಬಾರದು, ಧ್ವಜ ಮಾತ್ರ ನಿಮ್ಮ ಮನಸ್ಸಿಗೆ ಬಂದಂಗ ಮಾಡ್ರಿ. ಅದೂ ಖರೇನ ಅನ್ರಿ: ಫೇಡಾ ಹೊಟ್ಟಿಗೆ ಹೋಗ್ತದ, ಧ್ವಜ ಬರೇ ಫೋಟೋಕ್ಕ.

ನಮ್ಮೂರಿಗೆ ಉದ್ಯೋಗ ಮುಚ್ಚೂದೇನು ಹೊಸಾದಲ್ಲ. ಭಾರತ ಮಿಲ್ಲು ಹೋತು, ಅದರ ಹೆಸರಿನ ಸರ್ಕಲ್ ಉಳೀತು. ಹೆಮ್ಮಿ ಪಡಾಕ 1,507 ಮೀಟರ್ ಉದ್ದದ ರೈಲ್ವೆ ಪ್ಲಾಟ್‌ಫಾರ್ಮ್ ಅದ. ಆ ತುದಿಯಿಂದ ಈ ತುದಿಗೆ ಚೀಲಾ ಹೊತ್ತು ನಡದವ್ರಿಗೇ ಗೊತ್ತು ಜಾಗತಿಕ ದಾಖಲೆ ಎಷ್ಟು ಭಾರ ಅಂತ. ನಾಳೆ ಬೆಂಗೇರಿ ಬಾಗಲಾ ಹಾಕಿತು ಅಂದ್ರ ಅಲ್ಲೊಂದು ಸೆಲ್ಫಿ ಪಾಯಿಂಟ್, 'ಧ್ವಜ ಸರ್ಕಲ್'. ಅದರ ಮ್ಯಾಲೆ ಹಾರೋ ಧ್ವಜಕ್ಕ ಟೆಂಡರ್, ಕಡಿಮಿ ರೇಟಿನವ್ರಿಗೆ.

ನಗೂದು ಸಾಕು. ಮಿಲ್ಲು ಮುಚ್ಚಿದಾಗ ಕಾಲ ಬದಲಾತು ಅಂತ ನೆವ ಹೇಳಿದ್ರು. ಇಲ್ಲೆ ಕಾಲ ಏನೂ ಮಾಡಿಲ್ಲ, ಒಂದು ಸಹಿ ಮಾಡೇದ. ಹೊಲಿದಷ್ಟಕ್ಕ ಕೂಲಿ ತಗೊಳ್ಳೋ ಹೆಣ್ಣಮಗಳನ್ನ ಮಷೀನಿನ ಜೋಡಿ ಓಟಕ್ಕ ಬಿಟ್ಟು, ಆಮ್ಯಾಲೆ ಅಕಿದೇ ನಡಗಿ ನಿಧಾನ ಅನ್ನಾಕ ಒಬ್ಬರಿಗೂ ನಾಚಿಕಿ ಆಗಲಿಲ್ಲ. ಅಕ್ಟೋಬರ್ 2 ಬಂತಂದ್ರ ನೂಲಿನ ಹಾರಕ್ಕ ಎಲ್ಲಾ ಪಕ್ಷದವ್ರೂ ಕುತ್ತಿಗಿ ಮುಂದ ಮಾಡ್ತಾರ. ಖಾದಿ ಧ್ವಜದ ಆರ್ಡರ್ ಕೇಳಿದ್ರ ಕೆಳಗ ನೋಡ್ತಾರ.

ಅಂದಂಗ, ಅದ ಧ್ವಜ ಸಂಹಿತೆಯೊಳಗ ಇನ್ನೊಂದು ಮಾತದ. ಹರಿದ ಧ್ವಜಾನ ಕಂಡಲ್ಲೆ ಒಗೀಬಾರದು, ಮರ್ಯಾದಿಯಿಂದ, ಮಂದಿ ಇಲ್ಲದಲ್ಲೆ, ಆದಷ್ಟು ಸುಟ್ಟು ಮುಗಿಸಬೇಕು. ಖಾದಿ ಸುಟ್ರ ಬೂದಿ ಆಗ್ತದ. ಪಾಲಿಸ್ಟರ್ ಕರಗಿ ತಗಡಿಗೆ ಹತ್ತಿಕೊಂಡು ಬಿಡ್ತದ, ಓಣಿ ತುಂಬ ನಾತ. ಆ ನಾತಕ್ಕ ಏನು ಮಾಡಬೇಕಂತ ತಿದ್ದುಪಡಿಯೊಳಗ ಬರದಿಲ್ಲ.