ಮರೆತುಹೋದ ಬ್ಯಾಂಡೂ ಹಲಸಿನ ಹಪ್ಪಳವೂ

ಶಿರಸಿ ಪೇಟೆಯಿಂದ ಸಾಕಷ್ಟು ಒಳಗಿರುವ ನಮ್ಮ ಊರಿನಲ್ಲಿ ಐವತ್ತು ದಾಟಿದ ಗಂಡಸಿಗೆ ಒಪ್ಪಿತವಾದ ಹವ್ಯಾಸಗಳು ಮೂರೇ: ಯಕ್ಷಗಾನ, ಇಸ್ಪೀಟು ಮತ್ತು ಅಡಿಕೆ ದರದ ಚರ್ಚೆ. ನಾನು ಮಾತ್ರ ಈ ಮೂರನ್ನೂ ಬಿಟ್ಟು, ನಲವತ್ತು ವರ್ಷಗಳ ಹಿಂದೆ ಇಂಗ್ಲೆಂಡಿನಲ್ಲೋ ಸ್ಕಾಟ್ಲೆಂಡಿನಲ್ಲೋ ನಾಲ್ಕು ಹುಡುಗ ಹುಡುಗಿಯರು ಸೇರಿ ಗಿಟಾರು ಬಾರಿಸಿ, ಎರಡು ಹಾಡು ಅಚ್ಚು ಹಾಕಿಸಿ, ಅವು ಖರ್ಚಾಗುವ ಮೊದಲೇ ತಂತಮ್ಮ ಮನೆಗೆ ಹೋದ ಬ್ಯಾಂಡುಗಳನ್ನು ಹುಡುಕುವ ಚಟವನ್ನು ಹತ್ತಿಸಿಕೊಂಡಿದ್ದೇನೆ. ಹತ್ತಿಸಿದವನು ಬೆಂಗಳೂರಿನಲ್ಲಿರುವ ತಂಗಿಯ ಮಗ. ಅವನು ಈಗ ಬೇರೆ ಸಂಗೀತಕ್ಕೆ ಹೋಗಿದ್ದಾನೆ. ನಾನು ಇಲ್ಲೇ ಸಿಕ್ಕಿಬಿದ್ದಿದ್ದೇನೆ.

ಈ ಸಂಗೀತದ ಹೆಸರು ಇಂಡಿಪಾಪ್ ಎಂದು ಹೇಳುವಲ್ಲಿಂದಲೇ ತೊಂದರೆ ಶುರುವಾಗುತ್ತದೆ. ಪೇಟೆಯ ಸ್ನೇಹಿತರು ಅದನ್ನು ತೊಂಬತ್ತರ ದಶಕದಲ್ಲಿ ದಲೇರ್ ಮೆಹಂದಿ, ಅಲಿಷಾ ಚಿನಾಯ್ ಮುಂತಾದವರು ಹಾಡುತ್ತಿದ್ದ ಇಂಡಿಪಾಪ್ ಎಂದು ತಿಳಿದು ಭುಜ ಕುಣಿಸಿ ತೋರಿಸುತ್ತಾರೆ. ನಮ್ಮ ಭಾವನವರಂತೂ ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನದೆಂದೇ ನಂಬಿ, "ಅಲ್ಲಿ ಲಿಂಬೆಹಣ್ಣು ಬೆಳೀತು ಅಂತ ಗೊತ್ತಿತ್ತು, ಹಾಡೂ ಬೆಳೀತು ಅಂತ ಗೊತ್ತಿತ್ತಿಲ್ಲೆ ಮಾರಾಯ" ಎಂದರು. ಅದು 'ಇಂಡಿಪೆಂಡೆಂಟ್' ಎಂಬ ಮಾತಿನ ಬಾಲ ಕತ್ತರಿಸಿದ ರೂಪವೆಂದೂ, ದೊಡ್ಡ ಕಂಪನಿಗಳ ಹಂಗಿಲ್ಲದೆ, ಅಷ್ಟೇನೂ ಚೆನ್ನಾಗಿ ಬಾರಿಸಲು ಬಾರದವರೂ ಸಂಕೋಚದಿಂದ ಹಾಡಿದ ಇಂಪಾದ ಹಾಡುಗಳೆಂದೂ, 1986ರಲ್ಲಿ ಬ್ರಿಟನ್ನಿನ ಎನ್‌ಎಂಇ ಎಂಬ ಸಂಗೀತ ವಾರಪತ್ರಿಕೆಯು ಇಪ್ಪತ್ತೆರಡು ಬ್ಯಾಂಡುಗಳನ್ನು ಸೇರಿಸಿ ಹೊರತಂದ 'ಸಿ86' ಎಂಬ ಕ್ಯಾಸೆಟ್ಟಿನ ಹೆಸರೇ ಈ ಶೈಲಿಗೆ ಅಂಟಿಕೊಂಡಿತೆಂದೂ ನಾನು ವಿವರಿಸಿದೆ. ಭಾವನವರು ಎಲ್ಲವನ್ನೂ ಕೇಳಿ, ಅಷ್ಟೇನೂ ಚೆನ್ನಾಗಿ ಬಾರಿಸಲು ಬಾರದವರು ನಮ್ಮೂರ ಭಜನಾ ಮಂಡಳಿಯಲ್ಲಿಯೂ ಇದ್ದಾರಲ್ಲ ಎಂದರು. ಉತ್ತರ ಹೊಳೆಯಲಿಲ್ಲ.

ಆ ಕ್ಯಾಸೆಟ್ಟಿನ ಮೊದಲ ಹಾಡು ಪ್ರೈಮಲ್ ಸ್ಕ್ರೀಮ್ ಬ್ಯಾಂಡಿನದು. ಒಂದೂವರೆ ನಿಮಿಷಕ್ಕೂ ಕಡಿಮೆ ಅವಧಿಯ ಆ ಹಾಡನ್ನು ಕೇಳಲು ನನಗೆ ಮುಕ್ಕಾಲು ತಾಸು ಹಿಡಿಯಿತು. ನಮ್ಮ ಮನೆಯ ಸುತ್ತ ಮೊಬೈಲ್ ಸಿಗ್ನಲ್ ದೊರೆಯುವ ಜಾಗ ಒಂದೇ. ಅದು ತೋಟಕ್ಕೆ ಇಳಿಯುವ ದಾರಿಯ ದಣಪೆಯ ಎಡಗಂಬದ ಪಕ್ಕ, ಮುಖ ಪಡುವಣಕ್ಕೆ ಮಾಡಿ ನಿಂತರೆ ಮಾತ್ರ. ಆಷಾಢದ ಒಂದು ಸಂಜೆ ಮಳೆ ಕೊಂಚ ಹೊಳವಾದುದನ್ನು ನೋಡಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿ, ಕೊಡೆ ಹಿಡಿದು, ತೆರೆಯ ಮೇಲೆ ತಿರುಗುತ್ತಿದ್ದ ಚಕ್ರವನ್ನೇ ದಿಟ್ಟಿಸುತ್ತ ಅಲ್ಲಿ ನಿಂತಿದ್ದೆ. ಕೊಳೆರೋಗಕ್ಕೆ ಬೋರ್ಡೊ ಔಷಧಿ ಹೊಡೆಯಲು ಮರ ಏರಿದ್ದ ನಮ್ಮ ಕೊನೆಗೌಡ ನನ್ನ ಗಂಭೀರ ಮುಖವನ್ನು ಮೇಲಿನಿಂದ ಬಹಳ ಹೊತ್ತು ಗಮನಿಸಿ, ಕೊನೆಗೆ ತಡೆಯಲಾರದೆ, "ಹೆಗಡೇರೆ, ಯಾರು ಹೋದರು?" ಎಂದು ಕೂಗಿ ಕೇಳಿದ. ಯಾರೂ ಹೋಗಿಲ್ಲ, ಹಾಡು ಬರಬೇಕಾಗಿದೆ ಎಂದೆ. ಅಂತೂ ಹಾಡು ಬಂತು, ಮುಗಿಯಿತು. ಅಷ್ಟರಲ್ಲಿ ಎರಡು ಉಂಬಳಗಳು ನನ್ನ ಹಿಮ್ಮಡಿಗೆ ಹತ್ತಿ, ಸಾವಕಾಶವಾಗಿ ಹೊಟ್ಟೆ ತುಂಬಿಸಿಕೊಂಡು, ನಾನು ಮನೆಯ ಮೆಟ್ಟಿಲೇರುವಾಗ ತಾವಾಗಿಯೇ ಉದುರಿದವು. ಆ ಸಂಜೆ ಪೂರ್ಣ ತೃಪ್ತಿ ಪಡೆದ ಜೀವಿಗಳು ಅವೆರಡೇ.

ಇದಕ್ಕಿಂತ ದೊಡ್ಡ ಅವಾಂತರವು ಬ್ಯಾಂಡುಗಳ ಹೆಸರಿನಿಂದ ಆಯಿತು. ಈ ಸಂಕೋಚದ ಜನ ತಮಗೆ ಭಯಂಕರವಾದ ಹೆಸರುಗಳನ್ನು ಇಟ್ಟುಕೊಳ್ಳದೆ, ಹುಡುಕಿದರೆ ಸಿಗಲೇಬಾರದೆಂದು ಪಣ ತೊಟ್ಟವರ ಹಾಗೆ ಮನೆಮಾತಿನ ಹೆಸರುಗಳನ್ನು ಇಟ್ಟುಕೊಂಡಿದ್ದಾರೆ. ಗ್ಲಾಸ್ಗೋದ 'ದಿ ಆರ್ಕಿಡ್ಸ್' ಬ್ಯಾಂಡನ್ನು ಹುಡುಕಿದೆ. ಕುಂಡದಲ್ಲಿ ಸೀತಾಳೆ ದಂಡೆ ಬೆಳೆಸುವ ಬಗೆಯನ್ನು ಮೊಬೈಲು ನನಗೆ ಕಲಿಸಿತು. 'ದಿ ಫೀಲ್ಡ್ ಮೈಸ್' ಎಂದು ಹುಡುಕಿದ ಮರುದಿನದಿಂದ ಇಲಿ ಪಾಷಾಣ, ಇಲಿ ಬೋನು, ಇಲಿ ಅಂಟಿಸುವ ಹಲಗೆಗಳ ಜಾಹೀರಾತು ಹಿಂಬಾಲಿಸಿತು. 1983ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ, ಆ ಪ್ರಸಿದ್ಧ ಕ್ಯಾಸೆಟ್ಟಿಗೆ ಕರೆದರೂ ಹೋಗದ ಸ್ವಾಭಿಮಾನಿಗಳ ಬ್ಯಾಂಡು 'ದಿ ಜೂನ್ ಬ್ರೈಡ್ಸ್'. ಅದನ್ನು ಹುಡುಕಿದ ವಾರದಲ್ಲೇ ಮದುವೆ ಸಂಬಂಧ ಕುದುರಿಸುವ ತಾಣಗಳೆಲ್ಲ ನನ್ನ ಮೊಬೈಲಿಗೆ ಕನ್ಯೆಯರ ಚಿತ್ರ ಕಳಿಸತೊಡಗಿದವು. ನನ್ನ ಹೆಂಡತಿ ಅದನ್ನು ನೋಡಿ ಕೋಪಿಸಿಕೊಳ್ಳಲಿಲ್ಲ. ಜೂನ್ ತಿಂಗಳ ಮಳೆಗೆ ನಮ್ಮಲ್ಲಿ ಚಪ್ಪರ ನಿಲ್ಲುವುದಿಲ್ಲ, ಸುಗ್ಗಿ ಮುಗಿದ ಮೇಲೆ ಇಟ್ಟುಕೊಳ್ಳಿ ಎಂದಷ್ಟೇ ಹೇಳಿದಳು. ಹಳಬರ ಸಹವಾಸವೇ ಬೇಡ, ಈಚಿನವರನ್ನು ಹುಡುಕೋಣವೆಂದು, 2009ರಲ್ಲಿ ಮೊದಲ ಆಲ್ಬಂ ತಂದ ನ್ಯೂಯಾರ್ಕಿನ 'ದಿ ಪೇನ್ಸ್ ಆಫ್ ಬೀಯಿಂಗ್ ಪ್ಯೂರ್ ಅಟ್ ಹಾರ್ಟ್' ಎಂಬ ಉದ್ದ ಹೆಸರಿನ ಬ್ಯಾಂಡಿನ ಹೆಸರನ್ನು ಮೊಬೈಲಿಗೆ ಬಾಯಿಂದಲೇ ಹೇಳಿದೆ. ಅದಕ್ಕೆ ಕೇಳಿಸಿದ್ದು 'ಪೇನ್' ಮತ್ತು 'ಹಾರ್ಟ್' ಎರಡೇ. ಮನೆಯಲ್ಲಿ ಇಲಿಕಾಟವಿರುವ, ಮಳೆಗಾಲದಲ್ಲಿ ಎರಡನೆಯ ಮದುವೆಗೆ ಹೊರಟು ಎದೆನೋವು ತಂದುಕೊಂಡ ಅಡಿಕೆ ಬೆಳೆಗಾರನೊಬ್ಬನ ಜೀವನಚರಿತ್ರೆಯನ್ನು ನನ್ನ ಮೊಬೈಲು ಇಷ್ಟರ ಆಧಾರದ ಮೇಲೆ ಬರೆದು ಮುಗಿಸಿದೆ.

ಆದರೂ ಈ ಬ್ಯಾಂಡುಗಳ ಬಗ್ಗೆ ತಿಳಿದಷ್ಟೂ ನನಗೆ ನಮ್ಮ ಕಡೆಯ ಹವ್ಯಾಸಿ ಯಕ್ಷಗಾನದವರ ನೆನಪೇ ಬರುತ್ತದೆ. ಹಗಲು ಶಾಲೆಯ ಮಾಸ್ತರು, ರಾತ್ರಿ ಕೌರವ. ಇವರದೂ ಅದೇ ಬಾಳು. ಆಕ್ಸ್‌ಫರ್ಡಿನಲ್ಲಿ 1986ರಲ್ಲಿ ಹುಟ್ಟಿದ ತಲುಲಾ ಗಾಷ್ ಬ್ಯಾಂಡಿನಲ್ಲಿ ಹಾಡುತ್ತಿದ್ದ ಅಮೇಲಿಯಾ ಫ್ಲೆಚರ್ ಮುಂದೆ ಅರ್ಥಶಾಸ್ತ್ರಜ್ಞೆಯಾಗಿ, ಸ್ಪರ್ಧಾ ನೀತಿಯ ಪ್ರಾಧ್ಯಾಪಕಿಯಾದರು, ಹಾಡುವುದನ್ನೂ ಬಿಡಲಿಲ್ಲ. ಗ್ಲಾಸ್ಗೋದ ಬೆಲ್ ಅಂಡ್ ಸೆಬಾಸ್ಟಿಯನ್ ಬ್ಯಾಂಡಿನ ಮೊದಲ ಆಲ್ಬಂ 1996ರಲ್ಲಿ ಒಂದು ಕಾಲೇಜಿನ ವಿದ್ಯಾರ್ಥಿಗಳ ಪ್ರಾಜೆಕ್ಟ್ ಆಗಿ ಅಚ್ಚಾದಾಗ ಅದರ ಒಟ್ಟು ಪ್ರತಿ ಒಂದು ಸಾವಿರ. ನಮ್ಮಲ್ಲಿ ಸಾಧಾರಣ ಮನೆಯ ಮದುವೆಯ ಕರೆಯೋಲೆಯನ್ನೂ ಅಷ್ಟು ಅಚ್ಚು ಹಾಕಿಸುತ್ತಾರೆ; ವ್ಯತ್ಯಾಸವೆಂದರೆ, ನಮ್ಮ ಕರೆಯೋಲೆಯನ್ನು ಮೂರು ವರ್ಷದ ತರುವಾಯ ಯಾರೂ ನೂರಾರು ಪೌಂಡು ಕೊಟ್ಟು ಕೊಳ್ಳುವುದಿಲ್ಲ.

ಕೊಳ್ಳುವ ಮಾತು ಬಂತಾದ್ದರಿಂದ ನನ್ನ ನಷ್ಟದ ಲೆಕ್ಕವನ್ನೂ ಒಪ್ಪಿಸುತ್ತೇನೆ. ಬ್ರಿಸ್ಟಲ್‌ನಲ್ಲಿ 1987ರಲ್ಲಿ ಕ್ಲೇರ್ ವಾಡ್ ಮತ್ತು ಮ್ಯಾಟ್ ಹೇಯ್ನ್ಸ್ ಎಂಬಿಬ್ಬರು 'ಸಾರಾ ರೆಕಾರ್ಡ್ಸ್' ಎಂಬ ಪುಟ್ಟ ಸಂಸ್ಥೆ ತೆರೆದು, ನಮ್ಮವರು ಐದು ರಸ್ತೆ, ದೇವಿಕೆರೆ, ನಿಲೇಕಣಿ ಎಂದು ಹೆಸರಿಟ್ಟ ಹಾಗೆ ತಮ್ಮ ಊರಿನ ರಸ್ತೆ, ಸೇತುವೆಗಳ ಹೆಸರನ್ನೇ ಹಾಡಿನ ಸಂಕಲನಗಳಿಗೆ ಇಟ್ಟು, 1995ರಲ್ಲಿ ನೂರನೆಯ ಪ್ರಕಟಣೆಯೊಂದಿಗೆ ಅಂಗಡಿ ಮುಚ್ಚಿದರು. ವ್ಯಾಪಾರ ಸಾಗುತ್ತಿರುವಾಗಲೇ ಮುಚ್ಚುವುದು ನಮ್ಮ ಪೇಟೆಯವರಿಗೆ ಅರ್ಥವಾಗುವ ಮಾತಲ್ಲ. ಈ ಇಬ್ಬರೂ ಸಂಸ್ಥೆ ತೆರೆಯುವ ಮೊದಲು ತಾವೇ ಬರೆದು ಹಂಚುತ್ತಿದ್ದ ಕಿರುಪತ್ರಿಕೆಗಳೊಂದಿಗೆ ಫ್ಲೆಕ್ಸಿ ಡಿಸ್ಕುಗಳನ್ನು ಕೊಡುತ್ತಿದ್ದರು. ಫ್ಲೆಕ್ಸಿ ಎಂದರೆ ಏಳು ಇಂಚು ಅಗಲದ, ಬಳುಕುವ ಪ್ಲಾಸ್ಟಿಕ್ ಹಾಳೆ. ಒಂದೇ ಮಗ್ಗುಲಿಗೆ ಹಾಡಿನ ಗೆರೆ. ತೀರ ಹಗುರವಾದ್ದರಿಂದ ಮುಳ್ಳು ಇಟ್ಟೊಡನೆ ಜಾರುತ್ತದೆ. ಜಾರದಿರಲೆಂದು ನಡುವೆ ಒಂದು ನಾಣ್ಯವನ್ನು ಹೇರಬೇಕು. ಆ ಕಾಲದ, ಹೆಸರು ಹೇಳಿದರೆ ಅದರಲ್ಲಿದ್ದವರಿಗೇ ಮುಜುಗರವಾಗಬಹುದಾದ ಬ್ಯಾಂಡೊಂದರ ಅಂಥ ಫ್ಲೆಕ್ಸಿಯೊಂದನ್ನು ನಾನು, ಅಂಚೆ ವೆಚ್ಚವೂ ಸೇರಿದಂತೆ ಆರು ಕಿಲೋ ಚಾಲಿ ಅಡಿಕೆಯ ಬೆಲೆ ತೆತ್ತು, ಇಂಗ್ಲೆಂಡಿನಿಂದ ತರಿಸಿದೆ. ದೊಡ್ಡಪ್ಪ ಮುಂಬೈಯಿಂದ ತಂದಿಟ್ಟಿದ್ದ ರೆಕಾರ್ಡ್ ಪ್ಲೇಯರಿಗೆ ಬೆಲ್ಟು ಹುಡುಕುವವರೆಗೆ ಅದನ್ನು ಜತನವಾಗಿ ನಾಗಂದಿಗೆಯ ಮೇಲೆ ಇಟ್ಟಿದ್ದೆ.

ಅದು ಮೇ ತಿಂಗಳು. ಬೆಲ್ಟು ತರಲು ಹುಬ್ಬಳ್ಳಿಗೆ ಹೋಗಿ ಸಂಜೆ ಮರಳಿದಾಗ ಅಂಗಳದ ತುಂಬ ಚಾಪೆ, ಚಾಪೆಯ ತುಂಬ ಹಲಸಿನಕಾಯಿ ಹಪ್ಪಳ. ಜಗಲಿಯಲ್ಲಿ ಆಯಿ ಬೇಯಿಸಿ ರುಬ್ಬಿದ ತೊಳೆಯ ಉಂಡೆಯನ್ನು ಎಣ್ಣೆ ಸವರಿದ ಎರಡು ಹಾಳೆಗಳ ನಡುವೆ ಇಟ್ಟು, ಮೇಲೆ ಮಣೆಯಿಂದ ಒತ್ತುತ್ತಿದ್ದಳು. ಕೆಳಗಿನ ಹಾಳೆ ಹಳೆಯ ಹಾಲಿನ ಪ್ಯಾಕೆಟ್ಟು. ಮೇಲಿನದು ದುಂಡಗಿತ್ತು. ನಾನು ಬಗ್ಗಿ ಒಂದು ಹಸಿ ಹಪ್ಪಳವನ್ನು ನೋಡಿದೆ: ಜೀರಿಗೆ, ಮೆಣಸಿನ ಚೂರುಗಳ ಮೇಲೆ ಕೂದಲೆಳೆಯಂಥ ಗೆರೆಗಳು ಸುತ್ತು ಸುತ್ತಾಗಿ ಒಳಗೆ ಸರಿದು, ನಟ್ಟನಡುವೆ ಮುಳ್ಳುಗಂಬದ ತೂತು ಇರಬೇಕಾದಲ್ಲಿ ಹಿಟ್ಟು ಉಬ್ಬಿ ಒಂದು ಪುಟ್ಟ ಬೊಟ್ಟಾಗಿತ್ತು. ಅಂಥವು ಇನ್ನೂರೈವತ್ತು ಹಪ್ಪಳ ಬಿಸಿಲಿಗೆ ಒಣಗುತ್ತಿದ್ದವು. ಆ ಬ್ಯಾಂಡಿನ ಹಾಡು ಬ್ರಿಟನ್ನಿನಲ್ಲಿಯೂ ಒಂದೇ ದಿನದಲ್ಲಿ ಇಷ್ಟು ಪ್ರತಿ ಕಂಡಿರಲಾರದು.

ರಾತ್ರಿ ಫ್ಲೆಕ್ಸಿಯನ್ನು ಸೀಗೆಪುಡಿ ಹಾಕಿ ತೊಳೆದು, ಒರೆಸಿ, ಪ್ಲೇಯರಿನ ಮೇಲಿಟ್ಟು, ಐದು ರೂಪಾಯಿಯ ನಾಣ್ಯ ಹೇರಿದೆ. ಹಾಡು ಬಂತು, ಆದರೆ ಗಿಟಾರಿನ ಹಿಂದೆ ಹಂಚಿನ ಮೇಲೆ ಮಳೆ ಹೊಯ್ಯುವಂಥ ಸದ್ದೊಂದು ಮೊದಲಿನಿಂದ ಕೊನೆಯವರೆಗೂ ಸುರಿಯಿತು. ಅದನ್ನು ಮೊಬೈಲಿನಲ್ಲಿ ಮುದ್ರಿಸಿ ಕಳಿಸಿದಾಗ ಅಳಿಯ, "ಮಾವ, ಈ ಎಫೆಕ್ಟ್ ಬೇಕು ಅಂತ ಈಗಿನ ಬ್ಯಾಂಡಿನವರು ದುಡ್ಡು ಕೊಡ್ತಾರೆ" ಎಂದು ಉತ್ತರಿಸಿದ.

ಆಯಿಗೆ ನಾನು ಏನೂ ಹೇಳಲಿಲ್ಲ. ಮರುದಿನ ಬೆಳಿಗ್ಗೆ ಅವಳೇ ದೋಸೆ ಬಡಿಸುತ್ತ ಮಾತು ತೆಗೆದಳು. "ತಮಾ, ಆ ಹಾಳೆ ಭಾಳ ಚೊಲೊ ಇದ್ದು. ಒಂಚೂರೂ ಅಂಟ್ತಿಲ್ಲೆ. ಇನ್ನೂ ನಾಲ್ಕು ತರ್ಸು."

ಹುಡುಕುತ್ತಿದ್ದೇನೆ ಎಂದೆ.