ಏಳು ವರ್ಷಕ್ಕೊಮ್ಮೆ ಇಡೀ ದೇಹ ಹೊಸದಾಗುವುದೇ? ಒಂದು ಸ್ಪಷ್ಟನೆ

ಏಳು ವರ್ಷಕ್ಕೊಮ್ಮೆ ದೇಹದ ಪ್ರತಿಯೊಂದು ಜೀವಕೋಶವೂ ಬದಲಾಗುತ್ತದೆ, ಹಾಗಾಗಿ ಹಳೆಯ ಕಾಯಿಲೆಗಳೂ ತಾವಾಗಿಯೇ ಕಳೆಯುತ್ತವೆ ಎಂಬ ಸಂದೇಶವೊಂದು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದರ ಎರಡೂ ಭಾಗಗಳು ತಪ್ಪು.

ಸಣ್ಣ ಕರುಳಿನ ಒಳಪದರದ ಕೋಶಗಳು ಕೆಲವೇ ದಿನ ಬಾಳುತ್ತವೆ. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ. ಆದರೆ ಮಿದುಳಿನ ಹೊರಪದರದ ನರಕೋಶಗಳು ಒಂದು ಎರಡಾಗುವ ವಿಭಜನೆಯನ್ನೇ ನಿಲ್ಲಿಸಿರುವುದರಿಂದ, ತಮ್ಮ ಡಿಎನ್‌ಎಯನ್ನು ಮತ್ತೆ ನಕಲು ಮಾಡದೆ, ಬಹುತೇಕ ನಮ್ಮಷ್ಟೇ ವಯಸ್ಸಿನವಾಗಿ ಉಳಿಯುತ್ತವೆ. ಇದು ಊಹೆಯ ಮಾತಲ್ಲ. 1950 ಮತ್ತು 60ರ ದಶಕಗಳ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ಕಾರ್ಬನ್-14 (ಕಾರ್ಬನ್ನಿನ ವಿಕಿರಣಶೀಲ ರೂಪ) ಹೆಚ್ಚಿ, ಆಮೇಲೆ ಕ್ರಮೇಣ ಇಳಿಯಿತು; ಅದು ಆಹಾರದ ಮೂಲಕ ನಮ್ಮ ದೇಹಕ್ಕೂ ಬರುತ್ತದೆ; ಕೋಶ ಕೊನೆಯ ಬಾರಿ ವಿಭಜನೆಗೊಂಡಾಗ ಸೇರಿದ ಕಾರ್ಬನ್ ಅದರ ಡಿಎನ್‌ಎಯಲ್ಲಿ ಹುಟ್ಟಿದ ದಿನಾಂಕದಂತೆ ಉಳಿಯುತ್ತದೆ. ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆಯ ಯೊನಾಸ್ ಫ್ರಿಸೆನ್ ಅವರ ತಂಡ 2005ರಲ್ಲಿ ಈ ಗುರುತನ್ನೇ ಅಳೆದು ಕೋಶಗಳ ವಯಸ್ಸನ್ನು ತಿಳಿಸಿತು. ಹೃದಯದ ಸ್ನಾಯುಕೋಶಗಳು 25ರ ಹರೆಯದಲ್ಲಿಯೂ ವರ್ಷಕ್ಕೆ ಶೇಕಡಾ 1ರಷ್ಟು ಮಾತ್ರ ಹೊಸದಾಗುತ್ತವೆ ಎಂದು 2009ರಲ್ಲಿ ಇದೇ ತಂಡ ಕಂಡುಕೊಂಡಿತು.

ಕಾಯಿಲೆಯ ಕುರಿತಾದ ಮಾತು ಹೆಚ್ಚು ಅಪಾಯಕಾರಿ, ಏಕೆಂದರೆ ಇದನ್ನು ನಂಬಿ ಯಾರಾದರೂ ಔಷಧಿ ನಿಲ್ಲಿಸಬಹುದು. ಹೊಸ ಕೋಶಕ್ಕೆ ಸಿಗುವುದು ಹಳೆಯ ಡಿಎನ್‌ಎಯ ನಕಲು. ಕುಡಗೋಲು ಕಣ ರೋಗದಲ್ಲಿ (ಸಿಕಲ್ ಸೆಲ್ ಎಂಬ ಆನುವಂಶಿಕ ರಕ್ತದ ಕಾಯಿಲೆ) ಹಿಮೋಗ್ಲೋಬಿನ್ ಜೀನಿನ ಡಿಎನ್‌ಎ ಬರಹದಲ್ಲಿ ಒಂದೇ ಒಂದು ಅಕ್ಷರ, ‘ಎ’ ಇರಬೇಕಾದಲ್ಲಿ ‘ಟಿ’, ಬದಲಾಗಿರುತ್ತದೆ. ಆ ರೋಗಿಗಳ ಕೆಂಪು ಕಣಗಳು ಬೇರೆಯವರಿಗಿಂತ ಬೇಗನೆ ಸತ್ತು ಬೇಗನೆ ಹೊಸದಾಗುತ್ತವೆ. ಆದರೂ ಮಜ್ಜೆಯಿಂದ ಬರುವ ಪ್ರತಿ ಹೊಸ ಕಣವೂ ಅದೇ ದೋಷವನ್ನು ಹೊತ್ತೇ ಬರುತ್ತದೆ.