ವಸಡಿನ ನೀಲಿ ಗೆರೆಗೆ ಡಿಟಾಕ್ಸ್ ಕ್ಯಾಪ್ಸೂಲ್ ಮದ್ದಲ್ಲ

ಹಳೇ ಬ್ಯಾಟರಿ ಒಡೆಯುವವರು, ಸೀಸ ಕರಗಿಸುವವರ ವಸಡಿನ ಅಂಚಿನಲ್ಲಿ ಕೆಲವೊಮ್ಮೆ ನೀಲಿಗಪ್ಪು ಗೆರೆ ಮೂಡುತ್ತದೆ. ಹಲ್ಲಿನ ಬುಡದ ಬ್ಯಾಕ್ಟೀರಿಯಾ ಹೈಡ್ರೋಜನ್ ಸಲ್ಫೈಡ್ ಬಿಡುತ್ತವೆ. ರಕ್ತದಲ್ಲಿ ಬಂದ ಸೀಸ ಅದರೊಡನೆ ಸೇರಿ ಲೆಡ್ ಸಲ್ಫೈಡ್ ಆಗಿ ಅಲ್ಲೇ ಕೂರುತ್ತದೆ. 1840ರಲ್ಲಿ ಹೆನ್ರಿ ಬರ್ಟನ್ ಎಂಬ ವೈದ್ಯರು ವಿವರಿಸಿದ್ದರಿಂದ ಇದಕ್ಕೆ ಬರ್ಟನ್ ಗೆರೆ ಎಂದೇ ಹೆಸರು. ನಮ್ಮಲ್ಲಿ ಬಹಳ ಜನರ ವಸಡು ಸಹಜವಾಗಿಯೇ ಕಪ್ಪು, ಆ ಬಣ್ಣ ಅಗಲಕ್ಕೆ ಹರಡಿರುತ್ತದೆ, ಅದಕ್ಕೆ ಗಾಬರಿಯಾಗಬೇಡಿ. ಸೀಸದ್ದು ತೆಳು ಗೆರೆ, ಉಜ್ಜಿದರೆ ಹೋಗುವುದಿಲ್ಲ. ಬಾಯಿ ಚೊಕ್ಕಟವಾಗಿ ಇಟ್ಟುಕೊಂಡವರಿಗೆ ಗೆರೆ ಮೂಡದೆಯೂ ಮೈಯಲ್ಲಿ ಸೀಸ ತುಂಬಿರಬಹುದು. ಹಾಗಾಗಿ ತೋಳಿನ ರಕ್ತನಾಳದಿಂದ ರಕ್ತ ತೆಗೆಸಿ ಸೀಸದ ಮಟ್ಟ ನೋಡಿಸಲೇಬೇಕು. ಬೆರಳು ಚುಚ್ಚಿ ತೆಗೆದರೆ ಚರ್ಮದ ಮೇಲಿನ ಸೀಸದ ಧೂಳೇ ಲೆಕ್ಕ ಕೆಡಿಸಬಹುದು.

ಇಂಥವರಿಗೆ ಮೈಯ ಸೀಸ ಹೊರಹಾಕುತ್ತದೆ ಎನ್ನುವ 'ಹೆವಿ ಮೆಟಲ್ ಡಿಟಾಕ್ಸ್' ಹೆಸರಿನಲ್ಲಿ ಕ್ಲೋರೆಲ್ಲಾ ಎಂಬ ಪಾಚಿ, ಅರಿಶಿನದ ಸಾರ, ಸೆಲೆನಿಯಂ ಮಾರುವುದು ಅನ್ಯಾಯ. ವಸಡನ್ನು ಸೀಸದಿಂದ ಕಾಯುವ ಮಾತ್ರೆ ಯಾವುದೂ ಇಲ್ಲ. ಪೋಷಕಾಂಶಗಳಲ್ಲಿ ನಿಜವಾಗಿ ಲೆಕ್ಕಕ್ಕೆ ಬರುವುದು ಎರಡೇ, ಕಬ್ಬಿಣ ಮತ್ತು ಕ್ಯಾಲ್ಸಿಯಂ. ಕರುಳು ಕಬ್ಬಿಣವನ್ನು ಒಳಗೆಳೆದುಕೊಳ್ಳುವ ದಾರಿಯಲ್ಲೇ ಸೀಸವೂ ನುಗ್ಗುತ್ತದೆ. ಕಬ್ಬಿಣ ಕಡಿಮೆಯಾದಾಗ ಕರುಳು ಆ ದಾರಿಯನ್ನು ಇನ್ನಷ್ಟು ತೆರೆಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿಯೂ ಡೆಸಿಲೀಟರ್ ರಕ್ತಕ್ಕೆ 5 ಮೈಕ್ರೋಗ್ರಾಂ ಅಥವಾ ಹೆಚ್ಚು ಸೀಸವಿರುವ, ಊಟದಲ್ಲಿ ಇವುಗಳ ಕೊರತೆಯಿರುವ ಹತ್ತು ವರ್ಷದವರೆಗಿನ ಮಕ್ಕಳಿಗೆ ಈ ಎರಡನ್ನೇ ಹೇಳುತ್ತದೆ. ಕೊರತೆ ಇಲ್ಲದವರು ಸುಮ್ಮನೆ ಕಬ್ಬಿಣ ನುಂಗಬಾರದು. ಮೊದಲು ಹಿಮೋಗ್ಲೋಬಿನ್, ಮೈಯಲ್ಲಿನ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ನೋಡಿಸಿ.

ನುಂಗುವ ಕ್ರಮವೂ ಮುಖ್ಯ. ಕಬ್ಬಿಣದ ಮಾತ್ರೆಯನ್ನು ಚಹಾ, ಕಾಫಿ, ಹಾಲಿನ ಜೊತೆ ಬೇಡ. ಕ್ಯಾಲ್ಸಿಯಂಗೂ ಅದಕ್ಕೂ ಕನಿಷ್ಠ ಎರಡು ಗಂಟೆ ಅಂತರವಿರಲಿ. ಮಾತ್ರೆಯನ್ನು ಚೀಪಬೇಡಿ, ಬಾಯಲ್ಲಿ ಕರಗಲು ಬಿಡಬೇಡಿ, ಹುಣ್ಣಾಗುತ್ತದೆ. ಲೋಟ ತುಂಬ ನೀರು ಕುಡಿದು ನುಂಗಿ. ಚೀಪುವ ವಿಟಮಿನ್ ಸಿ ಮಾತ್ರೆಯ ಹುಳಿಗೆ ಹಲ್ಲಿನ ಎನಾಮಲ್ ಸವೆಯುತ್ತದೆ, ಅದರ ಬದಲು ಊಟದಲ್ಲಿ ನೆಲ್ಲಿಕಾಯಿಯೋ ನಿಂಬೆಯೋ ಇರಲಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಮುದ್ದೆ ಉಣ್ಣುವವರು ಅದನ್ನು ಬಿಟ್ಟು ಡಬ್ಬಿ ಹುಡುಕಬೇಕಿಲ್ಲ. ಮೂಳೆಪುಡಿಯಿಂದ ಮಾಡಿದ ಕ್ಯಾಲ್ಸಿಯಂ ಅಂತೂ ಬೇಡವೇ ಬೇಡ: ಪ್ರಾಣಿಯ ಮೂಳೆಯಲ್ಲಿ ಕೂಡಿಟ್ಟ ಸೀಸವೂ ಅದರಲ್ಲಿ ಬರಬಹುದು. ಕೆಲವು ಭಸ್ಮಗಳಲ್ಲಿ ಸೀಸ, ಪಾದರಸ ಸಿಕ್ಕಿರುವುದು ಪ್ರಯೋಗಾಲಯಗಳಲ್ಲಿ ಮತ್ತೆ ಮತ್ತೆ ದಾಖಲಾಗಿದೆ. ಬಿಡಿಯಾಗಿ ಮಾರುವ ಅರಿಶಿನಕ್ಕೆ ಹೊಳಪಿಗಾಗಿ ಲೆಡ್ ಕ್ರೋಮೇಟ್ ಎಂಬ ಸೀಸದ ಹಳದಿ ಬಣ್ಣ ಬೆರೆಸುವುದೂ ಉಂಟು.

ಮಕ್ಕಳಲ್ಲಿ ಸೀಸ ಡೆಸಿಲೀಟರ್ ರಕ್ತಕ್ಕೆ 45 ಮೈಕ್ರೋಗ್ರಾಂ ಮುಟ್ಟಿದರೆ ಮನೆಮದ್ದಿಗೆ ಕಾಯದೆ ಆಸ್ಪತ್ರೆಗೆ ಸೇರಿಸಿ, ಸೀಸವನ್ನು ಹಿಡಿದು ಮೈಯಿಂದ ಹೊರಹಾಕುವ ಸಕ್ಸಿಮರ್‌ನಂಥ ಕೀಲೇಷನ್ ಔಷಧಿ ವೈದ್ಯರೇ ಕೊಡಬೇಕು.

ಕೆಲಸಕ್ಕೆ ಹೋಗುವವರು ಖಾಲಿ ಹೊಟ್ಟೆಯಲ್ಲಿ ಶೆಡ್ಡಿಗೆ ಕಾಲಿಡಬೇಡಿ. ಹೊಟ್ಟೆ ಖಾಲಿಯಿದ್ದಾಗ ಕರುಳು ಸೀಸವನ್ನು ಹಲವು ಪಟ್ಟು ಹೆಚ್ಚು ಹೀರುತ್ತದೆ. ಬೀಡಿ, ಎಲೆಅಡಿಕೆ, ಊಟ ಯಾವುದಕ್ಕೇ ಆಗಲಿ, ಸೋಪಿನಲ್ಲಿ ಕೈ ತೊಳೆದು ಬಾಯಿ ಮುಕ್ಕಳಿಸಿದ ಮೇಲೆಯೇ ಕೈ ಹಾಕಿ. ಒಂದೆರಡು ತಿಂಗಳ ನಂತರ ಮತ್ತೆ ರಕ್ತ ಕೊಡಿ. ಮಟ್ಟ ಇಳಿಯದಿದ್ದರೆ ಮಾತ್ರೆ ಬದಲಿಸುವ ಮೊದಲು ಸೀಸದ ಧೂಳು ಹಿಡಿದ ಕೆಲಸದ ಬಟ್ಟೆ ಎಲ್ಲಿ ಒಗೆಯುತ್ತಿದ್ದೀರಿ ನೋಡಿ, ಮನೆಯ ಮಕ್ಕಳ ರಕ್ತವನ್ನೂ ಪರೀಕ್ಷಿಸಿ.